ಕೆಂಪು ದಾರದ ನೀಲಿ ಪುಸ್ತಕ

ಆ ಬೈಂಡಿಂಗ್ ಅಂಗಡಿಯಲ್ಲಿ ಕಾಲೇಜುಗಳಿಗೆ ಹೆಸರಿರಲಿಲ್ಲ, ಬಣ್ಣ ಇತ್ತು. ಪರೀಕ್ಷೆ ಮುಗಿಯುವ ಹೊತ್ತಿಗೆ ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟ್ ವರದಿಗಳ ಕಟ್ಟು ಹಿಡಿದು ಬರುತ್ತಿದ್ದರು. ಇಂಥ ಕಾಲೇಜಿಗೆ ಇಂಥದೇ ಬಣ್ಣದ ರೆಕ್ಸಿನ್ ರಟ್ಟು ಎಂಬ ನಿಯಮ ಇದ್ದದ್ದರಿಂದ ಅಂಗಡಿ ನಡೆಸುವ ಅಪ್ಪ ಎಲ್ಲರನ್ನೂ ಬಣ್ಣದಿಂದಲೇ ಕರೆಯುತ್ತಿದ್ದ. "ನೀಲಿಯವರು ನಾಳೆ ಬರ್ತಾರೆ", "ಆ ಮೆರೂನ್ ಹುಡುಗ ಇನ್ನೂ ಬಂದಿಲ್ಲ ನೋಡು", "ಹಸಿರಿನವರದ್ದು ಯಾವಾಗಲೂ ಕೊನೇ ಗಳಿಗೆ". ಊರಿನ ಆಚೆ ಗಾಜಿನ ಕಟ್ಟಡಗಳಲ್ಲಿ ಇರುವ, ಫೀಸು ಕೇಳಿದರೆ ಎದೆ ಧಸಕ್ ಎನ್ನುವ ಖಾಸಗಿ ಕಾಲೇಜು ನೀಲಿ. ಅಂಗಡಿಯಿಂದ ಏಳು ನಿಮಿಷ ನಡೆದರೆ ಸಿಗುವ ಸರ್ಕಾರಿ ಕಾಲೇಜು ಮೆರೂನ್. ಎರಡು ಬಸ್ಸು ಬದಲಿಸಿ ಹೋಗಬೇಕಾದ, ಅತ್ತ ದುಬಾರಿಯೂ ಅಲ್ಲದ ಇತ್ತ ಅಗ್ಗವೂ ಅಲ್ಲದ ಕಾಲೇಜು ಹಸಿರು.

ಈಗ ಆ ಮೂರೂ ಬಣ್ಣ ಅವನ ಮಗಳ ತಲೆಯಲ್ಲಿ ಕಲಸಿಹೋಗಿದ್ದವು. ಮಗಳಿಗೆ ಮನೆಯಲ್ಲಿ ಗೋಂದು ಎಂದು ಹೆಸರು. ಚಿಕ್ಕಂದಿನಲ್ಲಿ ಯಾರಾದರೂ ಬಂದರೆ ಅಮ್ಮನ ಬೆನ್ನಿಗೆ ಅಂಟಿಕೊಂಡವಳು ಅವರು ಹೋಗುವ ತನಕ ಬಿಡುತ್ತಿರಲಿಲ್ಲವಂತೆ. ಹದಿನೆಂಟಾದರೂ ಹೆಸರು ಅವಳನ್ನು ಬಿಟ್ಟಿರಲಿಲ್ಲ, ಅವಳೂ ನಾಚಿಕೆಯನ್ನು ಬಿಟ್ಟಿರಲಿಲ್ಲ. ಪರಿಸರ ವಿಜ್ಞಾನ ಓದಬೇಕೆಂದು ಮೂರು ಕಡೆ ಅರ್ಜಿ ಹಾಕಿದ್ದಳು. ಎಲ್ಲೂ ಸಿಗದಿದ್ದರೆ ಅತ್ತು ಸುಮ್ಮನಾಗಬಹುದಿತ್ತು. ಒಂದು ಕಡೆ ಸಿಕ್ಕಿದ್ದರೆ ಖುಷಿಯಾಗಿ ಸೇರಬಹುದಿತ್ತು. ಮೂರು ಕಡೆಯೂ ಸಿಕ್ಕಿತು. ಶನಿವಾರ ನಾಲ್ಕು ಗಂಟೆಯೊಳಗೆ ಒಂದು ಕಡೆ ಹಣ ಕಟ್ಟಬೇಕು. ಕಟ್ಟಿದ ಹಣ ಹಿಂದಕ್ಕೆ ಬರುವುದಿಲ್ಲ, ಬಿಟ್ಟ ಸೀಟು ಕಾಯುವುದಿಲ್ಲ.

ಬುಧವಾರ ಮಧ್ಯಾಹ್ನ ಸೋದರಮಾವ ಬಂದ. ಅವನು ಲಿಫ್ಟ್ ರಿಪೇರಿ ಮಾಡುವವನು, ಊರಿನ ಕಟ್ಟಡಗಳನ್ನೆಲ್ಲ ಒಳಗಿನಿಂದ ಬಲ್ಲವನು.

"ನೀಲಿ ಕಾಲೇಜಲ್ಲಿ ಆರು ಲಿಫ್ಟು. ಒಂದೂ ಕೆಟ್ಟಿದ್ದಿಲ್ಲ," ಎಂದ, ಕತ್ತರಿಸಿಟ್ಟ ರಟ್ಟಿನ ರಾಶಿಯ ಮೇಲೆ ಕೂತು. "ಮೆರೂನ್‌ನಲ್ಲಿ ಇರೋದೇ ಒಂದು, ಅದರೊಳಗೆ ಮುರಿದ ಬೆಂಚು ತುಂಬಿದ್ದಾರೆ. ಲೆಕ್ಕ ಹಾಕಿಕೋ."

"ಹಸಿರಲ್ಲಿ?" ಎಂದಳು ಅಮ್ಮ. ದಬ್ಬಣದಿಂದ ಪುಟದ ಕಟ್ಟು ಹೊಲಿಯುತ್ತಿದ್ದ ಅವಳ ಕೈ ನಿಲ್ಲಲಿಲ್ಲ.

"ಲಿಫ್ಟೇ ಇಲ್ಲ. ಆದ್ರೆ ಮೆಟ್ಟಿಲು ಚೆನ್ನಾಗಿದೆ, ಅಕ್ಕ. ಅಗಲವಾಗಿದೆ."

"ನೀನು ಸಂಬಂಧ ನೋಡೋಕೆ ಹೋದಾಗಲೂ ಹೆಣ್ಣಿನ ಮುಖ ನೋಡದೆ ಅವರ ಅಪಾರ್ಟ್‌ಮೆಂಟಿನ ಲಿಫ್ಟ್ ನೋಡಿ ಬಂದವನಲ್ವಾ."

"ಲಿಫ್ಟ್ ಚೆನ್ನಾಗಿತ್ತು, ಸಂಸಾರವೂ ಚೆನ್ನಾಗಿದೆ," ಎಂದು ಮಾವ ಚಹಾ ಹೀರಿದ.

ಅಮ್ಮನದ್ದು ಬೇರೆ ಅಳತೆ. ವರದಿ ತೆಗೆದುಕೊಂಡು ಹೋಗಲು ಬರುವ ಮಕ್ಕಳನ್ನು ನೋಡಿ ಅವಳು ಕಾಲೇಜನ್ನು ತೂಗುತ್ತಿದ್ದಳು. "ಮೆರೂನ್ ಮಕ್ಕಳು ಚೌಕಾಸಿ ಮಾಡ್ತಾರೆ, ಹೋಗುವಾಗ 'ಬರ್ತೀವಿ ಆಂಟಿ' ಅಂತಾರೆ. ಹಸಿರಿನವು ಬಂದಾಗಲೇ ಅಳುಮುಖ. ನೀಲಿಯವರ ಮುಖವನ್ನೇ ನಾನು ನೋಡಿಲ್ಲ, ಡ್ರೈವರ್ ಕಳಿಸ್ತಾರೆ."

ಗೋಂದು ಮೂಲೆಯಲ್ಲಿ ಕೂತು ಕೇಳುತ್ತಿದ್ದಳು. ಪುಸ್ತಕದ ಅಂಚು ಕತ್ತರಿಸಿದಾಗ ಉದುರುವ ಉದ್ದನೆಯ ಕಾಗದದ ಪಟ್ಟಿಗಳನ್ನು ಅವಳು ಎತ್ತಿಟ್ಟುಕೊಂಡಿದ್ದಳು. ಒಂದೊಂದು ಪಟ್ಟಿಯಲ್ಲಿ ಒಂದೊಂದು ಕಾರಣ ಬರೆದು, ಖಾಲಿ ಗೋಂದಿನ ಡಬ್ಬಿ ಮೂರು ತೊಳೆದಿಟ್ಟು, ಅವುಗಳಲ್ಲಿ ಹಾಕುತ್ತಿದ್ದಳು. ಬಾಯಲ್ಲಿ ಹೇಳಲಾಗದ್ದು ಬರೆದರಾದರೂ ತಿಳಿಯಾದೀತೆಂಬ ಆಸೆ. ಆದರೆ ಪಟ್ಟಿಗಳು ಒಂದು ಡಬ್ಬಿಯಲ್ಲಿ ನಿಲ್ಲುತ್ತಿರಲಿಲ್ಲ. "ಹತ್ತಿರ" ಎಂಬುದನ್ನು ಮೆರೂನ್ ಡಬ್ಬಿಗೆ ಹಾಕಿದ್ದಳು. ಸಂಜೆಯ ಹೊತ್ತಿಗೆ, ಹತ್ತಿರ ಎಂದರೆ ಇನ್ನು ಮೂರು ವರ್ಷವೂ ಇದೇ ಮೂಲೆಯಲ್ಲಿ ಕೂತಿರುವುದು ಎಂದು ಹೊಳೆದು ಭಯವಾಗಿ ಹೊರಗೆ ತೆಗೆದಳು. "ಅರ್ಧ ಫೀಸು ಮಾಫಿ" ಎಂಬುದು ಹಸಿರು ಡಬ್ಬಿಯಲ್ಲಿತ್ತು. ಒಂದು ಪರೀಕ್ಷೆಯಲ್ಲಿ ಅಂಕ ಕಮ್ಮಿಯಾದರೂ ಮಾಫಿ ರದ್ದು ಎಂದು ಸಣ್ಣಕ್ಷರದಲ್ಲಿ ಓದಿದ ಮೇಲೆ ಅದೂ ಹೊರಗೆ ಬಂತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತದೆ ಎನ್ನುತ್ತಾರೆ. ಇಲ್ಲಿ ಎತ್ತು ಯಾವುದು, ಕೋಣ ಯಾವುದು ಎಂಬುದೇ ಗೊತ್ತಾಗುತ್ತಿರಲಿಲ್ಲ.

ಅಪ್ಪನಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ಅವನು ನೀಲಿ ಎಂದರೆ ನೀಲಿ.

ಅದಕ್ಕೊಂದು ಪುಸ್ತಕ ಕಾರಣ. ಯಾರೂ ತೆಗೆದುಕೊಂಡು ಹೋಗದ ಪ್ರತಿಗಳಿಗೆಂದು ಅಂಗಡಿಯಲ್ಲೊಂದು ಕಪಾಟಿತ್ತು. ವಿದ್ಯಾರ್ಥಿಗಳು ನಾಲ್ಕು ಪ್ರತಿ ಮಾಡಿಸುತ್ತಾರೆ, ಮೂರು ಕಾಲೇಜಿಗೆ, ಒಂದು ತಮಗೆ. ಆ ನಾಲ್ಕನೆಯದನ್ನು ಎಷ್ಟೋ ಜನ ಮರೆತೇಬಿಡುತ್ತಾರೆ. ಅಪ್ಪ ಊಟ ಮಾಡುವಾಗ ಅವುಗಳಲ್ಲೊಂದನ್ನು ಓದುವುದು ವಾಡಿಕೆ. ಹೋದ ವರ್ಷ ಹಾಗೆ ಉಳಿದದ್ದು ಒಂದು ನೀಲಿ ಪುಸ್ತಕ, 'ನಗರದ ನೀರು: ಒಂದು ಅಧ್ಯಯನ'. ಬೀದಿಗಳಲ್ಲಿ ನೀರಿನ ಕೊಳವೆ ಎಲ್ಲೆಲ್ಲಿ ಸೋರುತ್ತದೆ, ನಿಮಿಷಕ್ಕೆ ಎಷ್ಟು ಹನಿ, ವರ್ಷಕ್ಕೆ ಎಷ್ಟು ಕೊಡ ಎಂದು ಒಬ್ಬ ವಿದ್ಯಾರ್ಥಿ ನಾಲ್ಕು ತಿಂಗಳು ದಿನಾ ಬೆಳಿಗ್ಗೆ ನಡೆದು ನೋಡಿ ಬರೆದದ್ದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಅಪ್ಪ ಅದನ್ನು ಮೂರು ಸಲ ಓದಿದ. ಬಂದವರಿಗೆಲ್ಲ ತೋರಿಸಿದ. "ನನ್ನಂಥವನಿಗೂ ಅರ್ಥ ಆಗೋ ಹಾಗೆ ಬರೆಯೋದು ಕಲಿಸಿದ್ದಾರೆ ಅಂದ್ರೆ ಅದಪ್ಪಾ ಕಾಲೇಜು," ಎನ್ನುತ್ತಿದ್ದ.

ಅಂಥ ಕಾಲೇಜಿಗೆ ಕೊಡಲು ಅವನ ಹತ್ತಿರ ಇದ್ದದ್ದು ಒಂದೇ ಗಂಟು. ಕರೆಂಟಿನಲ್ಲಿ ಓಡುವ ಕಟಿಂಗ್ ಮಷೀನಿಗೆಂದು ಆರು ವರ್ಷದಿಂದ ಕೂಡಿಟ್ಟದ್ದು. ಈಗಿರುವ ಹಳೇ ಮಷೀನಿನ ಹಿಡಿಯನ್ನು ದಿನಕ್ಕೆ ನೂರಾರು ಸಲ ಮೇಲಿಂದ ಕೆಳಕ್ಕೆ ಎಳೆದೂ ಎಳೆದೂ ಅವನ ಬಲಭುಜ ಹೋಗಿತ್ತು. ಅಂಗಿ ತೊಡುವಾಗ ಆ ತೋಳಿಗೆ ಅಮ್ಮ ಕೈ ಕೊಡಬೇಕಿತ್ತು.

"ಮಷೀನು ಎಲ್ಲಿಗೂ ಓಡಿ ಹೋಗಲ್ಲ. ಸೀಟು ಓಡಿ ಹೋಗತ್ತೆ," ಎಂದ ಅಪ್ಪ.

"ಭುಜ?" ಎಂದಳು ಅಮ್ಮ.

"ಇನ್ನೊಂದು ಇದೆಯಲ್ಲ."

ಗೋಂದು 'ಅಪ್ಪನ ಭುಜ' ಎಂದು ಒಂದು ಪಟ್ಟಿಯಲ್ಲಿ ಬರೆದಳು. ಯಾವ ಡಬ್ಬಿಗೆ ಹಾಕುವುದೆಂದು ತಿಳಿಯದೆ ಜೇಬಿನಲ್ಲಿಟ್ಟುಕೊಂಡಳು.

ಶುಕ್ರವಾರ ಅಂಗಡಿಯಲ್ಲಿ ಕೆಲಸ ಕಮ್ಮಿ ಇತ್ತು. ಅಷ್ಟೊಂದು ಕೊಟ್ಟು ಸೇರಬೇಕಾದ ಕಾಲೇಜಿನ ಪುಸ್ತಕವನ್ನು ತಾನಿನ್ನೂ ಓದೇ ಇಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಅದಕ್ಕೆ ರಟ್ಟು ಹಾಕಿದವಳು ಅವಳೇ. ಆದರೆ ಮಿಠಾಯಿ ಮಾಡುವವನು ಮಿಠಾಯಿ ತಿನ್ನುತ್ತಾನೆಯೇ? ಕಪಾಟಿನಿಂದ ತೆಗೆದು ಓದಲು ಕೂತಳು.

ಚೆನ್ನಾಗಿತ್ತು. ಅಪ್ಪ ಹೇಳಿದ್ದಕ್ಕಿಂತ ಚೆನ್ನಾಗಿತ್ತು. ಆದರೆ ಹತ್ತು ಪುಟ ದಾಟುವಷ್ಟರಲ್ಲಿ ಏನೋ ಚುಚ್ಚತೊಡಗಿತು. ಮುದ್ರಣಾಲಯದ ಹಿಂದಿನ ಸಂದಿ, ಹಳೇ ಅಂಚೆ ಕಚೇರಿಯ ಮೂಲೆ, ಬೈಂಡಿಂಗ್ ಅಂಗಡಿಯ ಎದುರಿನ ನಲ್ಲಿ, ಹೆಂಗಸರ ಹಾಸ್ಟೆಲಿನ ಗೋಡೆ. ಎಲ್ಲಾ ಅವಳ ಕಾಲಡಿಯ ಬೀದಿಗಳೇ. ಗಾಜಿನ ಕಟ್ಟಡದ ಕಾಲೇಜು ಇಲ್ಲಿಂದ ಒಂದೂವರೆ ಗಂಟೆ ದೂರ. ಅಲ್ಲಿಯ ವಿದ್ಯಾರ್ಥಿ ನಾಲ್ಕು ತಿಂಗಳು ದಿನಾ ಬೆಳಿಗ್ಗೆ ಆರಕ್ಕೆ ಈ ಸಂದಿಗಳಿಗೆ ಬಂದು ಹನಿ ಎಣಿಸಿದನೇ? ವರದಿ ಒಯ್ಯುವುದಕ್ಕೇ ಡ್ರೈವರ್ ಕಳಿಸುವವರು?

ಅವಳು ಪುಸ್ತಕವನ್ನು ನಡುವಿನಲ್ಲಿ ತೆರೆದು, ಎರಡೂ ಹೆಬ್ಬೆರಳು ಒತ್ತಿ, ಬೆನ್ನಿನ ತನಕ ಬಿಡಿಸಿ ಹಿಡಿದಳು.

ಅಮ್ಮನದ್ದೊಂದು ಪದ್ಧತಿ. ಹೊಲಿದ ಕಟ್ಟುಗಳು ರಟ್ಟಿಲ್ಲದೆ ರಾಶಿ ಬಿದ್ದಿರುವಾಗ ಯಾವುದು ಯಾವ ಕಾಲೇಜಿನದ್ದೆಂದು ಗೊತ್ತಾಗಲಿ ಎಂದು ಬೇರೆ ಬೇರೆ ದಾರದಲ್ಲಿ ಹೊಲಿಯುತ್ತಿದ್ದಳು. ನೀಲಿಗೆ ಬಿಳಿ ದಾರ, ಹಸಿರಿಗೆ ಹಳದಿ, ಮೆರೂನ್‌ಗೆ ಕೆಂಪು. ರಟ್ಟು ಹಾಕಿದ ಮೇಲೆ ದಾರ ಯಾರಿಗೂ ಕಾಣದು. ಹುಡುಕಬೇಕೆಂದು ಹುಡುಕಿದವರಿಗೆ ಮಾತ್ರ, ಹೀಗೆ ಪೂರ್ತಿ ಬಿಡಿಸಿದರೆ, ಒಂದೆಳೆ ಕಂಡೀತು.

ಬೆನ್ನಿನ ಸಂದಿಯಲ್ಲಿ ಕಂಡದ್ದು ಕೆಂಪು.

ಹೋದ ವರ್ಷದ ಆ ದಿನ ಅವಳಿಗೆ ನೆನಪಾಯಿತು. ಹೆಸರು, ಗುರುಗಳ ಸಹಿ ಇರುವ ಮೊದಲ ಎರಡು ಹಾಳೆ ಯಾವಾಗಲೂ ತಡವಾಗಿ ಬರುತ್ತವೆ. ಹೊಲಿಗೆ ಆದ ಮೇಲೆ ಅವನ್ನು ಮುಂದೆ ಅಂಟಿಸಿ ರಟ್ಟು ಹಾಕುವುದು ಅವಳ ಕೆಲಸ. ಆ ದಿನ ಎರಡು ಕಟ್ಟು ಉಳಿದಿದ್ದವು. ಎರಡೂ ಒಂದೇ ದಪ್ಪ, ಎರಡೂ ನೀರಿನ ಮೇಲಿನವು. ತನಗೂ ಮರುದಿನ ಪರೀಕ್ಷೆ ಇತ್ತು. ದಾರ ನೋಡಲಿಲ್ಲ. ನೀಲಿಯ ಹಾಳೆಗಳನ್ನು ಮೆರೂನ್ ಕಟ್ಟಿಗೆ ಅಂಟಿಸಿದಳು, ಮೆರೂನ್‌ನದ್ದನ್ನು ನೀಲಿಯದಕ್ಕೆ.

ಅಪ್ಪ ಊರಿಗೆಲ್ಲ ತೋರಿಸಿದ್ದು ತನ್ನ ಕೈತಪ್ಪನ್ನು, ಮಷೀನು ಬಿಟ್ಟುಕೊಡಲು ಹೊರಟದ್ದೂ ಅದಕ್ಕಾಗಿಯೇ.

ಹೇಳದೆ ಇದ್ದುಬಿಟ್ಟರೆ? ಯಾರಿಗೂ ಗೊತ್ತಾಗುವುದಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು. ಸಂಜೆಯ ತನಕ ಅವಳು ಆ ಪುಸ್ತಕವನ್ನು ಎತ್ತಿಡುವುದು, ಮತ್ತೆ ತೆಗೆಯುವುದು, ಇದನ್ನೇ ಮಾಡಿದಳು. ಕೊನೆಗೆ ಅಪ್ಪ ಕಟಿಂಗ್ ಮಷೀನಿನ ಹಿಡಿ ಎಳೆದು, ಭುಜ ಹಿಡಿದುಕೊಂಡು, ಯಾರೂ ನೋಡಲಿಲ್ಲ ತಾನೆ ಎಂಬಂತೆ ಅತ್ತಿತ್ತ ನೋಡಿದ. ಅದನ್ನು ಅವಳು ನೋಡಿದಳು. ಪುಸ್ತಕವನ್ನು ಅವನ ಮುಂದೆ ಬಿಡಿಸಿ ಹಿಡಿದಳು.

ಅಪ್ಪ ಬಗ್ಗಿ ನೋಡಿದ. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದ.

"ರಟ್ಟು ಯಾರು ಹಾಕಿದ್ದು?"

"ನಾನು."

"ನಾನು ಕೆಂಪೇ ಹಾಕಿದ್ದೆ ನೋಡಿ," ಎಂದಳು ಅಮ್ಮ ಅಲ್ಲಿಂದಲೇ. "ನನ್ನ ದಾರ ಸುಳ್ಳು ಹೇಳಲ್ಲ."

ಅಪ್ಪ ರಟ್ಟಿನ ರಾಶಿಯ ಮೇಲೆ ಕೂತ. ಬಯ್ಯುತ್ತಾನೆಂದು ಗೋಂದು ಕಾದಳು. ಅವನು ಪುಸ್ತಕದ ಮೂಲೆ ಸವರಿ, "ರಟ್ಟೇನೋ ನೀಟಾಗಿ ಹಾಕಿದ್ದೀಯ," ಎಂದ. ಸ್ವಲ್ಪ ಹೊತ್ತಾದ ಮೇಲೆ ಮುಖ ಅರಳಿತು. "ಹಾಗಾದ್ರೆ ಸರಿಹೋಯ್ತಲ್ಲ. ಇದು ಮೆರೂನ್‌ನದ್ದು. ನೀನು ಮೆರೂನ್‌ಗೇ ಸೇರು. ಹಿತ್ತಲ ಗಿಡ ಮದ್ದಲ್ಲ ಅಂತ ನಾವು ಪಕ್ಕದಲ್ಲಿರೋದನ್ನ ನೋಡ್ಲೇ ಇಲ್ಲ."

ಅವಳಿಗೆ ಹಗುರಾಗಬೇಕಿತ್ತು, ಆಗಲಿಲ್ಲ. ನಿನ್ನೆಯ ತನಕ ಇದೇ ಪುಸ್ತಕ ಹಿಡಿದು ನೀಲಿ ಎಂದವನು ಇವತ್ತು ಅದನ್ನೇ ಹಿಡಿದು ಮೆರೂನ್ ಎನ್ನುತ್ತಿದ್ದಾನೆ.

"ಅಪ್ಪಾ, ಒಂದು ಪುಸ್ತಕ ನೋಡಿ ಹಾಗನ್ನಬಾರದೇನೋ," ಎಂದಳು. ಅವಳ ಪಾಲಿಗೆ ಅದು ದೊಡ್ಡ ಭಾಷಣ.

"ಮತ್ತೆ ಏನು ನೋಡಿ ಅನ್ನಬೇಕು?"

"ಗೊತ್ತಿಲ್ಲ. ನಾಳೆ ಬೆಳಿಗ್ಗೆ ಅಲ್ಲಿಗೆ ಹೋಗಿ ಕೇಳ್ತೀನಿ."

"ನೀನಾ?" ಎಂದರು ಅಪ್ಪ ಅಮ್ಮ ಇಬ್ಬರೂ ಒಟ್ಟಿಗೆ.

ಶನಿವಾರ ಬೆಳಿಗ್ಗೆ ಅವಳು ಅಪ್ಪ ಕೊಟ್ಟ ಹಣದ ಗಂಟನ್ನು ಚೀಲದಲ್ಲಿಟ್ಟು, ನೀಲಿ ಪುಸ್ತಕವನ್ನು ಎದೆಗವಚಿಕೊಂಡು ಮೆರೂನ್ ಕಾಲೇಜಿಗೆ ಹೋದಳು. ಗೇಟಿನ ಮುಂದೆ ಎರಡು ಸಲ ಹಾದುಹೋಗಿ ಮೂರನೇ ಸಲ ಒಳಗೆ ಕಾಲಿಟ್ಟಳು. ಗೋಡೆಯ ಸುಣ್ಣ ಎದ್ದಿತ್ತು. ಲಿಫ್ಟಿನೊಳಗೆ, ಮಾವ ಹೇಳಿದ್ದು ನಿಜ, ಬೆಂಚುಗಳ ಕಾಲು ಮೇಲಾಗಿದ್ದವು. ಗ್ರಂಥಾಲಯದಲ್ಲಿ ತುಂಬು ನರೆಯ ಗ್ರಂಥಪಾಲಕಿಯೊಬ್ಬರು ಕೂತಿದ್ದರು. ಗೋಂದು ಪುಸ್ತಕ ಮುಂದಿಟ್ಟು, ತೊದಲುತ್ತ, ಅರ್ಧ ಮಾತು ನುಂಗುತ್ತ, ಅಂತೂ ವಿಷಯ ಹೇಳಿದಳು.

"ಓ, ನೀನಾ ಆ ಅಂಗಡಿಯ ಮಗು," ಎಂದು ಅವರು ಎದ್ದು ಹೋಗಿ ಒಂದು ಮೆರೂನ್ ಪುಸ್ತಕ ತಂದರು. "ನೀನು ತಂದದ್ದನ್ನ ಬರೆದ ಹುಡುಗಿ ತನ್ನ ಪ್ರತಿ ಅಂತ ಇದನ್ನ ತೆಗೆದು ನೋಡಿದ್ರೆ ಒಳಗೆ ಬೇರೆ ಯಾರದ್ದೋ ಇತ್ತಂತೆ. ಅಂಗಡಿಯವರು ಪಾಪ, ಕೇಳಿದ್ರೆ ಬೇಜಾರು ಮಾಡ್ಕೋತಾರೆ ಅಂತ ಇಲ್ಲೇ ಬಿಟ್ಟು ಹೋದಳು. ಅವಳೂ ನಿನ್ನ ಹಾಗೆ, ಬಾಯಿ ಸತ್ತವಳು."

"ಅಷ್ಟು ಚೆನ್ನಾಗಿ ಬರೆಯೋಕೆ ಇಲ್ಲಿ ಕಲಿಸಿದ್ರಾ?"

ಗ್ರಂಥಪಾಲಕಿ ನಕ್ಕರು. "ಆ ವರ್ಷ ಪಾಠ ಹೇಳೋರೇ ಅರ್ಧ ವರ್ಷ ಇರಲಿಲ್ಲಮ್ಮ. ಕ್ಲಾಸಿಲ್ಲ ಅಂತ ಅವಳು ಬೀದಿ ಸುತ್ತೋಕೆ ಶುರು ಮಾಡಿದ್ದು."

ಹಾಗಾದರೆ ಕಾಲೇಜು ಇದ್ದದ್ದರಿಂದ ಬರೆದಳೋ, ಇಲ್ಲದ್ದರಿಂದ ಬರೆದಳೋ?

"ಆದ್ರೆ ಕೆಮಿಸ್ಟ್ರಿ ಮೇಷ್ಟ್ರು ಒಬ್ಬರಿದ್ದಾರೆ," ಎಂದರು ಅವರು ಮತ್ತೆ. "ಅವರ ವಿಷಯವೂ ಅಲ್ಲ ಅದು. ಅಗೋ, ಆ ಮೇಜಿನ ಮುಂದೆ ದಿನಾ ಕೂತು ಒಂದೊಂದು ಪುಟ ಓದಿ, ಕೆಂಪಿಂಕಿನಲ್ಲಿ ಗೀಚಿ ಹಾಕೋರು. ನಾಲ್ಕು ಸಲ ಬರೆಸಿದ್ರು."

"ಅವರು ಈಗಲೂ ಇದ್ದಾರಾ?"

"ಇದ್ದಾರೆ. ಇನ್ನೆರಡು ವರ್ಷಕ್ಕೆ ರಿಟೈರು."

ಓದಬೇಕಾದದ್ದು ಮೂರು ವರ್ಷ. ಇದು ಯಾವ ಡಬ್ಬಿಗೆ?

ಅವಳು ಅದೇ ಮೇಜಿನ ಮುಂದೆ ಕೂತು ಮೆರೂನ್ ರಟ್ಟಿನ ಪುಸ್ತಕ ತೆರೆದಳು. ಇದು ನಿಜವಾದ ನೀಲಿ. ಎತ್ತರದ ಕಟ್ಟಡಗಳಲ್ಲಿ ನೀರಿನ ಬಳಕೆ. ಕಳಪೆಯಾಗಿರಲಿ ಎಂದು ಮನಸ್ಸು ಒಳಗೊಳಗೇ ಬೇಡುತ್ತಿತ್ತು. ಕಳಪೆಯಾಗಿದ್ದರೆ ಎಲ್ಲಾ ಎಷ್ಟು ಸುಲಭ. ಆದರೆ ಅದೂ ಚೆನ್ನಾಗಿಯೇ ಇತ್ತು. ಪ್ರತಿ ಮಹಡಿಗೂ ಒಂದು ಮೀಟರು ಕೂರಿಸಿ, ತಾಸಿಗೊಮ್ಮೆ ಅಳೆದು, ಅಚ್ಚುಕಟ್ಟಾಗಿ ಚಿತ್ರ ಬರೆದಿದ್ದರು. ಇಂಥ ಮೀಟರುಗಳನ್ನು ಮುಟ್ಟಬೇಕಾದರೆ ಅಲ್ಲಿಗೇ ಹೋಗಬೇಕು. ಕೊಟ್ಟ ದುಡ್ಡಿಗೆ ಅಲ್ಲಿಯೂ ಏನೋ ಸಿಗುತ್ತದೆ, ಸಿಗದೆ ಇಲ್ಲ.

ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟುಕೊಂಡು ಎಷ್ಟು ಹೊತ್ತು ಕೂತಳೋ. ಅಳೆದೂ ಸುರಿದೂ ತಲೆ ಕೆಟ್ಟಿತು. ಗ್ರಂಥಪಾಲಕಿ ಎರಡನ್ನೂ ಅವಳ ಕೈಗೇ ಕೊಟ್ಟು, "ಸರಿ ಮಾಡಿ ತಂದುಕೊಡು. ಆ ಹುಡುಗಿ ತಿಂಗಳಿಗೊಮ್ಮೆ ಬರ್ತಾಳೆ," ಎಂದರು. ಹೊರಗೆ ಬಂದಾಗ ಗಡಿಯಾರ ಎರಡೂಕಾಲು ತೋರಿಸುತ್ತಿತ್ತು.

ದಾರಿಯಲ್ಲಿ ಹಳೇ ಅಂಚೆ ಕಚೇರಿಯ ಮೂಲೆ ಬಂತು. ಇಲ್ಲಿ ನಿಮಿಷಕ್ಕೆ ಮೂವತ್ತೊಂದು ಹನಿ ಎಂದು ಪುಸ್ತಕದಲ್ಲಿತ್ತು. ಈಗ? ಅವಳು ನಿಂತಳು. ಕೊಳವೆಯ ಸಂದಿಯಿಂದ ಹನಿ ಬೀಳುತ್ತಲೇ ಇತ್ತು. ಗಡಿಯಾರ ನೋಡಿಕೊಂಡು ಎಣಿಸಿದಳು. ನಲವತ್ತಾರು. ತಪ್ಪಿರಬಹುದೆಂದು ಇನ್ನೊಮ್ಮೆ ಎಣಿಸಿದಳು. ಹಾಲಿನ ಅಂಗಡಿಯವನು ಇಣುಕಿದ. ಒಬ್ಬ ಹೆಂಗಸು ನಿಂತು, "ಏನಾದ್ರೂ ಕಳೆದುಹೋಯ್ತಾ?" ಎಂದಳು. ಬೇರೆ ದಿನವಾಗಿದ್ದರೆ ಗೋಂದು ಓಡಿಬಿಡುತ್ತಿದ್ದಳು. "ಇಲ್ಲ, ಹನಿ ಎಣಿಸ್ತಿದ್ದೀನಿ," ಎಂದಳು. ಹೇಳಿದ ಮೇಲೆ ಕಿವಿ ಬಿಸಿಯಾಯಿತು. ಬರೆದುಕೊಳ್ಳಲು ಕಾಗದ ಇರಲಿಲ್ಲ. ಜೇಬಿನಲ್ಲಿ 'ಅಪ್ಪನ ಭುಜ' ಎಂಬ ಪಟ್ಟಿ ಇತ್ತು. ಅದರ ಹಿಂದೆ 46 ಎಂದು ಬರೆದಳು. ಆಮೇಲೆ ಮುದ್ರಣಾಲಯದ ಹಿಂದಿನ ಸಂದಿಗೆ ಹೋದಳು. ಅಲ್ಲಿ ಕೊಳವೆ ರಿಪೇರಿಯಾಗಿತ್ತು, ಸೊನ್ನೆ. ಹಾಸ್ಟೆಲಿನ ಗೋಡೆಯ ಬಳಿ ಹನಿಯಲ್ಲ, ಧಾರೆ. ಅದನ್ನು ಎಣಿಸುವುದು ಹೇಗೆ? ಯಾರನ್ನಾದರೂ ಕೇಳಬೇಕು. ಕೆಂಪಿಂಕಿನ ಆ ಮೇಷ್ಟ್ರನ್ನು ಕೇಳಬಹುದೇನೋ.

ಮೂರು ಗಂಟೆ ಐವತ್ತಕ್ಕೆ ಅವಳು ಮೆರೂನ್ ಕಾಲೇಜಿನ ಕೌಂಟರಿನ ಮುಂದೆ ಏದುಸಿರು ಬಿಡುತ್ತಿದ್ದಳು. ಗುಮಾಸ್ತ ಮೊತ್ತ ಹೇಳಿದ.

"ಇಷ್ಟೇನಾ?" ಎಂದಳು.

"ಜಾಸ್ತಿ ಕೊಡೋ ಆಸೆ ಇದ್ರೆ ಬಸ್ಸು ಹತ್ತಿ ಮುಂದೆ ಹೋಗಮ್ಮ," ಎಂದ ಅವನು, ರಸೀದಿ ಹರಿಯುತ್ತ.

ಅಂಗಡಿಗೆ ಬಂದು ರಸೀದಿಯನ್ನು ಮೇಜಿನ ಮೇಲಿಟ್ಟಳು. ಅಪ್ಪ ಅದನ್ನು ದೂರ ಹಿಡಿದು ಓದಿದ. "ಚೆನ್ನಾಗಿದೆಯಾ ಕಾಲೇಜು?"

"ಗೊತ್ತಾಗ್ಲಿಲ್ಲ ಅಪ್ಪ."

"ಮತ್ತೆ ಯಾಕೆ ಕಟ್ಟಿದೆ?"

ಅವಳು ಪಟ್ಟಿ ತೆಗೆದು ತೋರಿಸಿದಳು. ಅಪ್ಪ ಒಂದು ಬದಿ ಓದಿ ಬಲಭುಜ ಸವರಿಕೊಂಡ. ಇನ್ನೊಂದು ಬದಿಯಲ್ಲಿದ್ದ ಸಂಖ್ಯೆಗಳನ್ನು ಕಂಡು, "ನಲವತ್ತಾರಾ? ಮೂವತ್ತೊಂದಲ್ವಾ ಇದ್ದದ್ದು?" ಎಂದ, ಬಾಯಿಪಾಠ ಬಂದವನ ಹಾಗೆ.

ಆಮೇಲೆ ಇಬ್ಬರೂ ಕೂತು ಎರಡೂ ಪುಸ್ತಕಗಳ ರಟ್ಟು ಬಿಚ್ಚಿದರು. ಅಂಟಿಸಿದ್ದ ಹಾಳೆಗಳನ್ನು ಒದ್ದೆ ಬಟ್ಟೆಯಿಂದ ನೆನೆಸಿ ಬಿಡಿಸಿದರು. ಅಮ್ಮ ಎದ್ದು ಬಂದು ದಾರ ನೋಡಿ, "ಕೆಂಪು ಇಲ್ಲಿ, ಬಿಳಿ ಅಲ್ಲಿ. ಈ ಸಲ ಕಣ್ಣು ಬಿಟ್ಕೊಂಡು ಹಾಕು," ಎಂದು ಹೇಳಿ ಹೋದಳು. ಅಂಟು ಬಳಿದು, ರಟ್ಟು ಹಾಕಿ, ಪ್ರೆಸ್ಸಿನ ಹಲಗೆಗಳ ನಡುವೆ ಇಟ್ಟು, ಚಕ್ರ ತಿರುಗಿಸಲು ಅಪ್ಪ ಭುಜ ಎತ್ತಿದಾಗ ಅವಳು ಅವನನ್ನು ಸರಿಸಿ ತಾನೇ ತಿರುಗಿಸಿದಳು.

"ನಾನು ಮಾಡಿದ್ದು ಸರಿನಾ ಅಪ್ಪ?"

"ಒಣಗೋ ತನಕ ಏನಂತ ಹೇಳ್ಲಿ?" ಎಂದ ಅಪ್ಪ. ಪುಸ್ತಕದ ಮಾತೋ ಕಾಲೇಜಿನ ಮಾತೋ, ಅವಳು ಕೇಳಲಿಲ್ಲ.

ಅರ್ಧ ಗಂಟೆ ಆಗಿತ್ತೋ ಇಲ್ಲವೋ, ಅವಳು ಪ್ರೆಸ್ಸಿನ ಹತ್ತಿರ ಹೋಗಿ ಬಗ್ಗಿ, ಬೆರಳ ತುದಿಯಿಂದ ಮೆರೂನ್ ರಟ್ಟಿನ ಅಂಚು ಎತ್ತಿ ನೋಡಲು ಹೋದಳು. ಅಮ್ಮ ಕೂತಲ್ಲಿಂದಲೇ ಅಳತೆಪಟ್ಟಿಯಲ್ಲಿ ಅವಳ ಕೈಗೊಂದು ಏಟು ಕೊಟ್ಟಳು.